ಜೇಬಿನಕ್ಕ ತೋಳಿಗೆ ಹೊಲಿದ ಕಾರ್ಡು

ಮೇಷ್ಟ್ರು ಜೇಬಿನಕ್ಕನನ್ನು ಮೊದಲ ಸಲ ಕಂಡ ದಿನ ಅವಳ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿಗಳಿದ್ದವು. ಆದ್ದರಿಂದ ಅವಳ ಮೊದಲ ಮಾತು ಬಾಯಿಂದ ಬರಲಿಲ್ಲ, ಹುಬ್ಬಿನಿಂದ ಬಂತು. ಹುಬ್ಬನ್ನು ಮೇಲೆತ್ತಿ ಏನಾಗಬೇಕೆಂದು ಕೇಳಿದಳು. ಅದೇ ಹುಬ್ಬನ್ನು ಸ್ಟೂಲಿನ ಕಡೆ ತಿರುಗಿಸಿ ಕುಳಿತುಕೊಳ್ಳಿ ಎಂದಳು. ನಿವೃತ್ತರಾಗುವವರೆಗೂ ಮಕ್ಕಳನ್ನು ಹುಬ್ಬಿನಲ್ಲೇ ಗದರಿಸುತ್ತಿದ್ದ ಮೇಷ್ಟ್ರಿಗೆ ಈ ಭಾಷೆ ಚೆನ್ನಾಗಿ ತಿಳಿಯುತ್ತಿತ್ತು. ಅವರು ವಿಧೇಯ ವಿದ್ಯಾರ್ಥಿಯಂತೆ ಕುಳಿತರು.

ಅವರು ಅಲ್ಲಿಗೆ ತಾವಾಗಿ ಬಂದವರಲ್ಲ. ಅವಳ ಮಾವನವರು ಕೈಹಿಡಿದು ಕರೆತಂದಿದ್ದರು. ಆ ಪರಿಚಯಕ್ಕೂ ಆಗಿನ್ನೂ ಒಂದು ಗಂಟೆ ತುಂಬಿರಲಿಲ್ಲ. ಅದು ಆದದ್ದು ಹೊಳೆ ದಾಟುವ ಲಾಂಚಿನ ಗೇಟಿನಲ್ಲಿ.

ಅದು ನಗರದ ಬಸ್ಸು, ರೈಲು, ಲಾಂಚು ಮೂರಕ್ಕೂ ಒಂದೇ ಕಾರ್ಡು ಬಂದ ಹೊಸದು. ಅದಕ್ಕೆ ಮೊದಲು ಬಸ್ಸಿಗೆ ಚೀಟಿ, ರೈಲಿಗೆ ಬಿಲ್ಲೆ, ಲಾಂಚಿಗೆ ಬೇರೊಂದು ಬಿಲ್ಲೆ ಎಂದು ಮೂರು ಕಡೆ ಸಾಲು ನಿಲ್ಲಬೇಕಾಗಿತ್ತು. ಈಗ ಕಾರ್ಡಿಗೆ ದುಡ್ಡು ತುಂಬಿಸಿಟ್ಟುಕೊಂಡು, ಹತ್ತುವಾಗ ಒಮ್ಮೆ ಕಾರ್ಡು ಓದುವ ಕಂಬಕ್ಕೆ ತಾಗಿಸಿ, ಇಳಿಯುವಾಗ ಇನ್ನೊಮ್ಮೆ ತಾಗಿಸಿದರೆ ಆಯಿತು. ವ್ಯವಸ್ಥೆ ಬಲು ಚೊಕ್ಕವಾದದ್ದು ಎಂದು ಮೇಷ್ಟ್ರು ಎಲ್ಲರ ಮುಂದೆ ಹೊಗಳುತ್ತಿದ್ದರು. ಆದರೆ ಗೇಟಿನ ಮುಂದೆ ನಿಂತಾಗ ಮಾತ್ರ ಕಾರ್ಡು ಕೈಗೆ ಸಿಗುತ್ತಿರಲಿಲ್ಲ. ಕೋಟಿನ ಜೇಬುಗಳನ್ನೆಲ್ಲ ತಡಕಿ, ಷರಟಿನ ಜೇಬನ್ನು ತಡಕಿ, ಕೊನೆಗೆ ಮೊದಲು ಹುಡುಕಿ ಬಿಟ್ಟ ಜೇಬಿನಲ್ಲೇ ಅದು ಸಿಗುತ್ತಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಲೊಚಗುಟ್ಟುವ ಸದ್ದು ಏಳುತ್ತಿತ್ತು.

ಆ ದಿನವೂ ಹಾಗೆ ತಡಕುತ್ತಿದ್ದಾಗ, ಅವರ ಮುಂದಿದ್ದ ಮುದುಕರೊಬ್ಬರು ಬರಿಗೈಯನ್ನು ಎತ್ತಿ, ಯಾರಿಗೋ ಹೋಗಿಬರುತ್ತೇನೆ ಎನ್ನುವವರಂತೆ ಕಂಬದ ಮುಂದೆ ಆಡಿಸಿದರು. ಕಂಬ ಕಿಣಿ ಎಂದಿತು, ಗೇಟು ತೆರೆಯಿತು. ಮೇಷ್ಟ್ರು ಕಣ್ಣುಜ್ಜಿಕೊಂಡರು. ಲಾಂಚು ಹತ್ತಿದ ಮೇಲೆ ಪಕ್ಕದಲ್ಲೇ ಹೋಗಿ ಕುಳಿತು, ಇದೇನು ಕಣ್ಕಟ್ಟು ಎಂದು ಕೇಳಿಯೇಬಿಟ್ಟರು. ಮುದುಕರು ನಗುತ್ತ ಕೋಟಿನ ಬಲತೋಳಿನ ಅಂಚನ್ನು ಮಗುಚಿ ತೋರಿಸಿದರು. ಒಳಮಗ್ಗುಲಲ್ಲಿ ಚಪ್ಪಟೆಯಾದ ಒಂದು ಪುಟ್ಟ ಜೇಬು. ಅದರ ಬಾಯನ್ನೂ ಹೊಲಿದು ಮುಚ್ಚಿತ್ತು.

"ನನ್ನ ಸೊಸೆ ಹೊಲಿದದ್ದು. ಕಾರ್ಡು ಇದರೊಳಗಿದೆ. ಇನ್ನು ಇದು ಕಳೆದುಹೋಗ್ಬೇಕು ಅಂದ್ರೆ ಜೊತೆಗೆ ನಾನೂ ಕಳೆದುಹೋಗ್ಬೇಕು, ಅಷ್ಟೆ," ಎಂದರು.

ಮೇಷ್ಟ್ರಿಗೆ ಅಷ್ಟು ಸಾಕಾಯಿತು. ದಡಕ್ಕೆ ಬಂದವರೇ ತಮ್ಮ ಕೋಟನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡು ಮುದುಕರ ಹಿಂದೆ ಹೊರಟರು.

ಜೇಬಿನಕ್ಕನ ಅಂಗಡಿ ಇದ್ದದ್ದು ರೈಲು ನಿಲ್ದಾಣದ ಮೆಟ್ಟಿಲುಗಳ ಕೆಳಗೆ, ಬಸ್ಸಿನವರೂ ಲಾಂಚಿನವರೂ ರೈಲಿನವರೂ ಹಾದುಹೋಗಲೇಬೇಕಾದ ಓಣಿಯಲ್ಲಿ. ಸೂರು ಓರೆಯಾಗಿತ್ತು, ಎತ್ತರದವರು ಬಾಗಿಲಲ್ಲಿ ನೆಟ್ಟಗೆ ನಿಂತು ಒಳಗೆ ಬರುವಾಗ ನಮಸ್ಕಾರ ಮಾಡಿದಂತೆ ಬಗ್ಗುತ್ತಿದ್ದರು. ಒಂದು ಹೊಲಿಗೆ ಮಿಷನ್ನು, ಅದರ ಎಡಕ್ಕೆ ಇಸ್ತ್ರಿ ಮೇಜು, ಬಲಕ್ಕೆ ಗಿರಾಕಿಗಳ ಸ್ಟೂಲು, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ, ಬಿಸ್ಕತ್ತಿನ ಹಳೆಯ ಡಬ್ಬಿಗಳಲ್ಲಿ ಗುಂಡಿಗಳು. ತಲೆಯ ಮೇಲೆ ದಿನವಿಡೀ ಜನರ ಕಾಲಸಪ್ಪಳ. ಸಪ್ಪಳ ಒಮ್ಮೆಲೇ ಜೋರಾದರೆ ರೈಲು ಬಂತೆಂದು ಅರ್ಥ. ಅವಳಿಗೆ ಬೇರೆ ಗಡಿಯಾರ ಬೇಕಾಗಿರಲಿಲ್ಲ. ಹೊಸ ಬಟ್ಟೆ ಹೊಲಿಯುವ ಗೊಡವೆಗೆ ಅವಳು ಹೋದವಳಲ್ಲ. ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಸವೆದ ತೋಳಂಚನ್ನು ತಿರುವಿ ಹೊಲಿಯುವುದು, ಇಷ್ಟೇ ಅವಳ ಕಸುಬು. ಹೊಸದನ್ನು ಯಾರು ಬೇಕಾದರೂ ಹೊಲಿಯುತ್ತಾರೆ, ಇದ್ದದ್ದನ್ನು ಉಳಿಸಿಕೊಳ್ಳುವುದಕ್ಕೆ ತಾಳ್ಮೆ ಬೇಕು ಎನ್ನುತ್ತಿದ್ದಳು. ಹಾಗೆ ಹೇಳುವಾಗ ಅವಳ ದನಿಯಲ್ಲಿ ಜಂಬವೇನೂ ಇರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಿದ್ದಳು.

ತೋಳಿನ ಜೇಬು ಹುಟ್ಟಿದ್ದು ಮಾವನವರಿಂದ. ಅವರು ಆಯುಷ್ಯವೆಲ್ಲ ಲಾಂಚು ನಡೆಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೂ ಕಾಲು ಒಂದು ಕಡೆ ನಿಲ್ಲದು. ಬೆಳಗಿನ ತಿಂಡಿ ಮುಗಿಸಿ ಕೋಟು ಹಾಕಿಕೊಂಡು ಹೊರಟರೆಂದರೆ ಮನೆ ಸೇರುವುದು ಸಂಜೆಗೇ. ಎಲ್ಲಿಗೆ ಹೋಗಿದ್ದಿರಿ ಎಂದರೆ, "ಹೀಗೇ, ಒಂದು ಸುತ್ತು," ಎನ್ನುತ್ತಿದ್ದರು. ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಕಾರ್ಡು ಬಂದ ಮೇಲೆ ಅವರ ಸುತ್ತು ಇನ್ನೂ ದೊಡ್ಡದಾಯಿತು, ಕಾರ್ಡು ಕಳೆಯುವುದೂ ಶುರುವಾಯಿತು. ಒಂದನ್ನು ಬಸ್ಸಿನ ಸೀಟಿನಲ್ಲಿ ಬಿಟ್ಟರು. ಇನ್ನೊಂದು ಹೊಳೆಯ ಪಾಲಾಯಿತು. ಮತ್ತೊಂದನ್ನು, ಪಾಪ, ಕಾರ್ಡು ಮರೆತು ಬಂದಿದ್ದ ಯಾರೋ ಹೆಂಗಸಿಗೆ ತಾವೇ ಕೊಟ್ಟು ಕಳಿಸಿ ಮನೆಗೆ ನಡೆದುಕೊಂಡು ಬಂದರು. ಬರುವಷ್ಟರಲ್ಲಿ ದೀಪ ಹತ್ತಿತ್ತು.

ಜೇಬಿನಕ್ಕನ ಗಂಡ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುವವನು. ಮನುಷ್ಯ ಒಳ್ಳೆಯವನೇ, ಆದರೆ ಒಲೆಯ ಕಾವು ಸ್ವಲ್ಪ ನಾಲಗೆಗೂ ಬಂದಿತ್ತು. ಅಪ್ಪನ ಮೇಲಿನ ದಿಗಿಲು ಅವನ ಬಾಯಲ್ಲಿ ಸಿಟ್ಟಾಗಿ ಹೊರಬೀಳುತ್ತಿತ್ತು. ಆ ಸಂಜೆ ಅವನು ತೀರ್ಪು ಕೊಟ್ಟುಬಿಟ್ಟ. ಅಪ್ಪನಿಗೆ ಮರೆವು ಬಂದಿದೆ, ಇವತ್ತು ಕಾರ್ಡು ಕಳೆದುಕೊಂಡವನು ನಾಳೆ ದಾರಿ ಕಳೆದುಕೊಳ್ಳುತ್ತಾನೆ, ಇನ್ನು ಮುಂದೆ ಒಬ್ಬನೇ ಹೊರಗೆ ಹೋಗಕೂಡದು. ಮಾವನವರು ಕೋಟನ್ನು ಗೂಟಕ್ಕೆ ಹಾಕಿ, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತರು. ಮರುದಿನವೂ ಅಲ್ಲೇ ಕುಳಿತರು. ಅದರ ಮರುದಿನವೂ. ಕಿಟಕಿಯಿಂದ ಕಾಣುತ್ತಿದ್ದದ್ದು ಎದುರುಮನೆಯ ನೀರಿನ ತೊಟ್ಟಿ ಮಾತ್ರ. ಬಡಿಸಿದ ಊಟದಲ್ಲಿ ಅರ್ಧ ತಟ್ಟೆಯಲ್ಲೇ ಉಳಿಯತೊಡಗಿತು.

ಅದನ್ನು ನೋಡಿ ಜೇಬಿನಕ್ಕ ಗೂಟದ ಮೇಲಿನ ಕೋಟನ್ನು ಅಂಗಡಿಗೆ ಒಯ್ದು, ತೋಳಂಚಿನ ಒಳಗೆ ಜೇಬು ಹೊಲಿದು, ಹೊಸ ಕಾರ್ಡನ್ನು ಅದರಲ್ಲಿಟ್ಟು ಬಾಯಿ ಮುಚ್ಚಿದಳು. ದುಡ್ಡು ತುಂಬಿಸುವ ಯಂತ್ರದ ಮೇಲೆ ತೋಳಿಟ್ಟರೂ ಕೆಲಸ ಆಗುತ್ತದೆ, ಬಿಚ್ಚಬೇಕಾಗಿಲ್ಲ ಎಂಬುದನ್ನೂ ನೋಡಿಕೊಂಡು ಬಂದಳು. ಅಂದು ಗಂಡನ ಮುಂದೆ ಕೋಟನ್ನು ಕೊಡವಿ, ಮಗುಚಿ, ಅಲ್ಲಾಡಿಸಿ ತೋರಿಸಿದಳು.

"ನೋಡಿ, ಇನ್ನು ಬೀಳಲ್ಲ. ಕೋಟು ಮರೆತು ಬರೋ ಅಷ್ಟು ಮರೆವು ಮಾವನಿಗೆ ಬಂದಿಲ್ಲ."

ಗಂಡ ತೋಳನ್ನು ಎಳೆದು ನೋಡಿದ, ಉಗುರಿನಿಂದ ಹೊಲಿಗೆಯನ್ನು ಕೆರೆದು ನೋಡಿದ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ. "ಹೋಗ್ಲಿ. ಆದ್ರೆ ಇನ್ನೊಂದೇ ಒಂದು ಸಲ ಏನಾದ್ರೂ ಎಡವಟ್ಟಾದ್ರೆ, ಆಮೇಲೆ ನನ್ನ ಹತ್ರ ಮಾತಾಡ್ಬೇಡ."

ಮಾವನವರು ಮತ್ತೆ ಸುತ್ತಲು ಹೊರಟರು. ಗೇಟುಗಳಲ್ಲಿ ಅವರ ಬರಿಗೈ ಸವಾರಿಯನ್ನು ಕಂಡವರೆಲ್ಲ ಕೇಳುವವರೇ. ಅವರು ಹೋದಲ್ಲೆಲ್ಲ ಸೊಸೆಯ ಹೆಸರು ಹೇಳಿಬರುತ್ತಿದ್ದರು. ಎರಡು ಕೈಯಲ್ಲೂ ಹೊರೆ ಹಿಡಿಯುವ ಹೂವಿನವಳು ಬಂದಳು, ಮಗುವನ್ನು ಎತ್ತಿಕೊಂಡು ಕೆಲಸಕ್ಕೆ ಹೋಗುವ ದಾದಿ ಬಂದಳು, ಚೆಲ್ಲೋ ಎಂಬ ದೊಡ್ಡ ವಾದ್ಯ ಹೊರುವ ಸಂಗೀತಗಾರ ಬಂದ. ಅವನಿಗೆ ಮೊಣಕೈಯ ಹತ್ತಿರ ಹೊಲಿದುಕೊಡಬೇಕಾಯಿತು. ಅವನು ಗೇಟಿನಲ್ಲಿ ಕಂಬಕ್ಕೆ ತಿವಿಯುವುದನ್ನು ನೋಡಿ ಹೊಸಬರು ಇವನಿಗೂ ಕಂಬಕ್ಕೂ ಏನೋ ಹಳೆಯ ದ್ವೇಷವಿದೆ ಎಂದುಕೊಳ್ಳುತ್ತಿದ್ದರು. ನಿಲ್ದಾಣದ ಕಾರ್ಡು ಕಚೇರಿಯ ಗುಮಾಸ್ತೆಯೇ ಒಂದು ಮಧ್ಯಾಹ್ನ ಬಂದು, ಯಾರಿಗೂ ಹೇಳಬೇಡಿ ಎನ್ನುತ್ತ ತನ್ನ ಸ್ವೆಟರಿಗೆ ಜೇಬು ಹೊಲಿಸಿಕೊಂಡು ಹೋದಳು. ಇವಳನ್ನು ಜನ ಜೇಬಿನಕ್ಕ ಎನ್ನತೊಡಗಿದ್ದು ಆಗಲೇ. ಇಷ್ಟು ಜನರ ಕಾರ್ಡು ಹೊಲಿದ ಅವಳ ಹತ್ತಿರ ಸ್ವಂತ ಕಾರ್ಡು ಇರಲಿಲ್ಲ. ಮನೆ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ. ಅಂಗಡಿಗೆ ನಡೆದು ಬರುತ್ತಿದ್ದಳು, ನಡೆದು ಹೋಗುತ್ತಿದ್ದಳು. ಹೊಳೆಯ ಆಚೆ ದಡವನ್ನು ಅವಳು ಮದುವೆಯಾದ ಹೊಸದರಲ್ಲಿ ಕಂಡದ್ದು, ಅಷ್ಟೆ.

ಮೇಷ್ಟ್ರು ಬಂದು ಸ್ಟೂಲಿನ ಮೇಲೆ ಕುಳಿತದ್ದು ಆ ದಿನಗಳಲ್ಲಿ. ಅವರ ಕೋಟಿಗೂ ಅವಳು ಬಲತೋಳಿನಲ್ಲೇ ಜೇಬು ಹೊಲಿದಳು. ಅಂದಿನಿಂದ ಅವರು ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ತೋಳನ್ನೆತ್ತಿ ತೋರಿಸಿ ನಗುತ್ತಿದ್ದರು.

ಚಳಿ ಶುರುವಾಗುವ ಹೊತ್ತಿಗೆ ಎರಡು ಕೋಟುಗಳ ತೋಳಂಚೂ ಸವೆದು ನೂಲು ಬಿಟ್ಟವು. ದಿನವೂ ಕಂಬಕ್ಕೆ ಉಜ್ಜಿದರೆ ಸವೆಯದೆ ಇರುತ್ತದೆಯೇ? ಜೇಬಿನಕ್ಕ ಎರಡನ್ನೂ ಒಂದೇ ದಿನ ಕೈಗೆತ್ತಿಕೊಂಡಳು. ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಯಾವ ಬಟ್ಟೆಗೂ ಅವಳು ಗುರುತಿನ ಚೀಟಿ ಹಚ್ಚುತ್ತಿರಲಿಲ್ಲ. ಒಂದು ಬಟ್ಟೆ ಬಲಗಡೆ ಇದ್ದರೆ, ಅದರಿಂದ ಬಿಚ್ಚಿದ ಗುಂಡಿ, ಪಟ್ಟಿ ಏನಿದ್ದರೂ ಬಲಗಡೆಯ ಡಬ್ಬಿ ಮುಚ್ಚಳದಲ್ಲಿ. ಎಡಗಡೆ ಇದ್ದರೆ ಎಡಗಡೆಯ ಮುಚ್ಚಳದಲ್ಲಿ. ಕಣ್ಣು ಬೇಕಾಗಿಲ್ಲ, ಕೈಗೇ ಗೊತ್ತಾಗುತ್ತಿತ್ತು. ಅಂದು ಮಾವನವರ ಕೋಟು ಬಲಕ್ಕಿತ್ತು, ಮೇಷ್ಟ್ರ ಕೋಟು ಎಡಕ್ಕಿತ್ತು. ಎರಡರ ಕಾರ್ಡನ್ನೂ ಬಿಡಿಸಿ ಆಯಾ ಮುಚ್ಚಳದಲ್ಲಿಟ್ಟಳು.

ಅಷ್ಟರಲ್ಲಿ ಮಾವನವರೇ ಬಂದರು. ಬರಿಯ ಷರಟಿನಲ್ಲಿ ನಡುಗುತ್ತಿದ್ದರು. ಸ್ಟೂಲಿನ ಮೇಲೆ ಕುಳಿತು, ತಮ್ಮ ಕೋಟನ್ನು ಮೊದಲು ಮುಗಿಸಿಕೊಡು ಎಂದರು. ಅವಳು ಅದನ್ನು ಎತ್ತಿ ಎಡಗಡೆಯ ಇಸ್ತ್ರಿ ಮೇಜಿನ ಮೇಲೆ ಹಾಕಿದಳು. ಮೇಷ್ಟ್ರ ಕೋಟನ್ನು ಬಲಕ್ಕೆ ಸರಿಸಿದಳು. ಮಾವನವರು ಹೊಸ ಲಾಂಚಿಗೆ ಬಳಿದ ಬಣ್ಣ ಚೆನ್ನಾಗಿಲ್ಲವೆಂದು ದೂರುತ್ತ ಕುಳಿತರು. ಅವಳು ಹೂಂಗುಟ್ಟುತ್ತ, ನಗುತ್ತ, ಇಸ್ತ್ರಿ ಹಾಕುತ್ತ, ಹೊಲಿದಳು. ಕೆಲಸ ಮುಗಿಯಿತು. ಮರುದಿನ ಇಬ್ಬರು ಹಿರಿಯರೂ ಬೆಚ್ಚಗೆ ಕೋಟು ಹಾಕಿಕೊಂಡು ಹೋದರು. ಕಂಬಗಳು ಎಂದಿನಂತೆ ಕಿಣಿ ಎಂದವು, ಗೇಟುಗಳು ಎಂದಿನಂತೆ ತೆರೆದವು.

ಕೆಲವು ವಾರಗಳ ಮೇಲೆ ಒಂದು ಬುಧವಾರ ಮಧ್ಯಾಹ್ನ ಗಾಳಿ ಎದ್ದಿತು. ಅಂಗಡಿಯ ಹಗ್ಗದ ಮೇಲಿನ ಷರಟುಗಳು ಒಂದನ್ನೊಂದು ಹೊಡೆಯತೊಡಗಿದವು. ಲಾಂಚುಗಳನ್ನು ನಿಲ್ಲಿಸಿದ್ದಾರಂತೆ ಎಂದು ಓಣಿಯಲ್ಲಿ ಮಾತು ಹಬ್ಬಿತು. ಲಾಂಚಿನಲ್ಲಿ ಬರಬೇಕಾದವರು ರೈಲಿನಲ್ಲಿ ಬಂದು, ಮೆಟ್ಟಿಲ ಮೇಲೆ ಸಪ್ಪಳ ಹೆಚ್ಚಿತು. ಬಂದವರಲ್ಲಿ ಮಾವನವರು ಇರಲಿಲ್ಲ. ಗಂಡ ಬೇಕರಿಯಿಂದ ಮನೆಗೆ ಹೋಗಿ, ಅಪ್ಪನನ್ನು ಕಾಣದೆ ಅಂಗಡಿಗೆ ಬಂದ. ಅವನ ಮುಖ ನೋಡಿಯೇ ಅವಳಿಗೆ ಎಲ್ಲ ತಿಳಿಯಿತು. ಮಾವನವರು ಫೋನು ಇಟ್ಟುಕೊಳ್ಳುತ್ತಿರಲಿಲ್ಲ; ಲಾಂಚು ನಡೆಸುವಾಗ ಇಲ್ಲದ್ದು ಈಗ ಯಾಕೆ ಎನ್ನುವ ವಾದ ಅವರದು.

"ನಾನು ಆವತ್ತೇ ಹೇಳಿದ್ದೆ," ಎಂದ ಗಂಡ.

ಕಾರ್ಡು ಕೊನೆಯ ಸಲ ಎಲ್ಲಿ ತಾಗಿತೆಂಬುದು ಕಚೇರಿಯವರಿಗೆ ಗೊತ್ತಾಗುತ್ತದೆ ಎಂದು ಬೇಕರಿಯಲ್ಲಿ ಯಾರೋ ಹೇಳಿದ್ದರು. ಇಬ್ಬರೂ ಅಲ್ಲಿಗೆ ಓಡಿದರು. ಹೀಗೆಲ್ಲ ಕೇಳಿದವರಿಗೆ ಹೇಳುವಂತಿಲ್ಲ ಎಂದು ಗುಮಾಸ್ತೆ ಮೊದಲು ಮುಖ ಬಿಗಿದುಕೊಂಡಳು. ಆಮೇಲೆ ಜೇಬಿನಕ್ಕನ ಮುಖವನ್ನೂ ತನ್ನ ಸ್ವೆಟರಿನ ತೋಳನ್ನೂ ಒಮ್ಮೆ ನೋಡಿಕೊಂಡಳು. ಹಿರಿಯರ ಕಾರ್ಡು ಮಾಡಿಸುವಾಗ ಕೊಟ್ಟಿದ್ದ ಮನೆಯ ಫೋನ್ ನಂಬರು ಕೇಳಿ, ಪರದೆಯ ಮೇಲೆ ನೋಡಿ ಹೇಳಿದಳು. ಊಟದ ಹೊತ್ತು ಕಳೆದ ಮೇಲೆ ಬಸ್ಸಿನಿಂದ ಇಳಿದಿದ್ದಾರೆ, ಗ್ರಂಥಾಲಯದ ನಿಲ್ದಾಣದಲ್ಲಿ. ಆಮೇಲೆ ಎಲ್ಲೂ ತಾಗಿಸಿಲ್ಲ.

ಗಂಡ ತಲೆಯ ಮೇಲೆ ಕೈಯಿಟ್ಟುಕೊಂಡ. ಅಪ್ಪನಿಗೂ ಗ್ರಂಥಾಲಯಕ್ಕೂ ಎಲ್ಲಿಯ ಸಂಬಂಧ? ಹವಾಮಾನದ ಸುದ್ದಿ ಬಿಟ್ಟರೆ ಪತ್ರಿಕೆಯನ್ನೂ ಓದಿದ ಮನುಷ್ಯನಲ್ಲ. ದಾರಿ ತಪ್ಪಿದ್ದಾನೆ, ಎಲ್ಲೋ ಇಳಿದಿದ್ದಾನೆ, ದಿಕ್ಕು ತಿಳಿಯದೆ ಕೂತಿದ್ದಾನೆ. ಕಿಟಕಿಯ ಹತ್ತಿರದ ಕುರ್ಚಿ, ಎದುರುಮನೆಯ ನೀರಿನ ತೊಟ್ಟಿ ಜೇಬಿನಕ್ಕನ ಕಣ್ಣ ಮುಂದೆ ಬಂದವು. ಮಾವ ಸಿಕ್ಕಿಯೇ ಸಿಗುತ್ತಾರೆ. ಆದರೆ ನಾಳೆಯಿಂದ ಆ ಕುರ್ಚಿಯಿಂದ ಅವರನ್ನು ಏಳಿಸುವುದು ತನ್ನಿಂದಲೂ ಆಗದು ಎನ್ನಿಸಿತು.

ಇಬ್ಬರೂ ಬಿರಬಿರನೆ ನಡೆದು ಸೇರುವಷ್ಟರಲ್ಲಿ ಗ್ರಂಥಾಲಯ ಮುಚ್ಚುವ ಹೊತ್ತಾಗಿತ್ತು. ಓದುವ ಕೋಣೆಯ ಕೊನೆಯ ಮೇಜಿನಲ್ಲಿ ಬೂದುಬಣ್ಣದ ಕೋಟಿನ ಒಂದು ಬೆನ್ನು ಪುಸ್ತಕದ ಮೇಲೆ ಬಾಗಿತ್ತು. ಗಂಡ ದಾಪುಗಾಲಿಟ್ಟು ಹೋಗಿ ಹಿಂದಿನಿಂದ ಭುಜ ಹಿಡಿದು, "ಅಪ್ಪ, ನಿಂಗೇನು ತಲೆ ಕೆಟ್ಟಿದ್ಯಾ?" ಎಂದ.

ಬೆನ್ನು ನಿಧಾನವಾಗಿ ತಿರುಗಿತು. ಕನ್ನಡಕದ ಹಿಂದಿನಿಂದ ಮೇಷ್ಟ್ರು ಅವನನ್ನು ನೋಡಿದರು.

"ಇನ್ನೂ ಇಲ್ಲ ಅಂದ್ಕೊಂಡಿದೀನಪ್ಪ," ಎಂದರು.

ಗಂಡ ಬೆಂಕಿ ಮುಟ್ಟಿದವನಂತೆ ಕೈ ತೆಗೆದ. ತಪ್ಪಾಯಿತು ಎಂದು ಕ್ಷಮೆ ಕೇಳಿದ. ಜೇಬಿನಕ್ಕನಿಗೆ ಅದು ಯಾವುದೂ ಕೇಳಿಸುತ್ತಿರಲಿಲ್ಲ. ಅವಳ ಕಣ್ಣು ಮೇಜಿನ ಮೇಲಿದ್ದ ಮೇಷ್ಟ್ರ ಬಲತೋಳಿನಲ್ಲಿ ನೆಟ್ಟಿತ್ತು. ಸ್ಟೂಲಿನ ಮೇಲೆ ನಡುಗುತ್ತ ಕುಳಿತ ಮಾವ, ಇಸ್ತ್ರಿ ಮೇಜಿಗೆ ಹೋದ ಕೋಟು, ಬಲಕ್ಕೆ ಸರಿದ ಇನ್ನೊಂದು ಕೋಟು, ಇದ್ದಲ್ಲೇ ಇದ್ದ ಎರಡು ಮುಚ್ಚಳಗಳು, ಎಲ್ಲ ಒಂದರ ಹಿಂದೊಂದು ನೆನಪಿಗೆ ಬಂದವು. ಅವಳು ನಾಲಗೆ ಕಚ್ಚಿಕೊಂಡಳು.

"ಮೇಷ್ಟ್ರೇ, ಒಂಚೂರು ತೋಳು ಕೊಡಿ," ಎಂದಳು. ಚೀಲದಿಂದ ಪುಟ್ಟ ಕತ್ತರಿ ತೆಗೆದು, ಓದುವ ದೀಪದ ಕೆಳಗೆ ತಾನೇ ಹಾಕಿದ ಹೊಲಿಗೆಯನ್ನು ಕತ್ತರಿಸಿದಳು. ಒಳಗಿನಿಂದ ಹೊರಬಂದ ಕಾರ್ಡಿನ ಮೂಲೆಯಲ್ಲಿ ಹಸಿರು ಬಣ್ಣದ ಒಂದು ಚುಕ್ಕೆ ಒಣಗಿತ್ತು. ಹೊಸ ಲಾಂಚಿನ ಬಣ್ಣ. ಮಾವನವರು ಹಸಿ ಬಣ್ಣವನ್ನು ಮುಟ್ಟಿ ನೋಡಿ ಬಂದ ದಿನ ತೋಳಿನ ಬಟ್ಟೆಯ ಮೂಲಕ ಇಳಿದ ಚುಕ್ಕೆ. ಅದನ್ನು ನೋಡಿ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಇದು ಮಾವನ ಕಾರ್ಡು, ಹಾಗಾದರೆ ಮಾವನ ತೋಳಿನಲ್ಲಿರುವುದು ಮೇಷ್ಟ್ರ ಕಾರ್ಡು. ಎರಡೂ ಹಿರಿಯರ ಕಾರ್ಡೇ ಆದ್ದರಿಂದ ಯಾವ ಗೇಟೂ ಚಕಾರವೆತ್ತಲಿಲ್ಲ. ಮೇಷ್ಟ್ರು ತಮ್ಮ ತೋಳನ್ನು ಒಂದು ಕ್ಷಣ ನೋಡಿಕೊಂಡು, ತಮ್ಮ ಫೋನನ್ನು ಅವಳ ಕೈಗೆ ಕೊಟ್ಟರು. ಅವಳು ಕಾರ್ಡು ಕಚೇರಿಗೆ ಫೋನು ಮಾಡಿ ಮೇಷ್ಟ್ರ ನಂಬರು ಹೇಳಿದಳು, ಗುಮಾಸ್ತೆ ಈ ಸಲ ತಕರಾರು ಮಾಡಲಿಲ್ಲ. ಮೇಷ್ಟ್ರ ಕಾರ್ಡು ಬೆಳಿಗ್ಗೆ ಆಚೆ ದಡದ ಲಾಂಚಿನ ಕಟ್ಟೆಯಲ್ಲಿ ಇಳಿದಿತ್ತು. ಮಧ್ಯಾಹ್ನ ಅದೇ ಕಟ್ಟೆಯ ಗೇಟಿನಲ್ಲಿ ಮತ್ತೆ ತಾಗಿತ್ತು. ಒಳಗೆ ಹೋದದ್ದು ಇನ್ನೂ ಹೊರಗೆ ಬಂದಿರಲಿಲ್ಲ.

ಮೂವರೂ ರೈಲು ಹತ್ತಿದರು. ನೀವು ಮನೆಗೆ ಹೋಗಿ ಮೇಷ್ಟ್ರೇ ಎಂದರೆ ಅವರು ಕೇಳಲಿಲ್ಲ. ಜೇಬಿನಕ್ಕ ಗೇಟಿನಲ್ಲಿ ಗಂಡನ ಹಿಂದೆ ನುಗ್ಗಲು ಹೋಗಿ ತಡೆಸಿಕೊಂಡಳು. ಒಂದು ಕಾರ್ಡಿಗೆ ಒಬ್ಬರೇ ಎಂದು ಕಾವಲಿನವನು ಹೇಳಿದ. ಊರಿಗೆಲ್ಲ ಜೇಬು ಹೊಲಿದವಳು ಬಿಲ್ಲೆ ಕೊಳ್ಳಲು ಸಾಲಿನಲ್ಲಿ ನಿಂತಳು. ಸೇತುವೆಯ ಮೇಲೆ ರೈಲು ಹೋಗುವಾಗ ಕೆಳಗೆ ಹೊಳೆ ಮಸಿಯಂತೆ ಕಾಣುತ್ತಿತ್ತು, ಗಾಳಿ ಮಾತ್ರ ಇಳಿಯುತ್ತ ಬಂದಿತ್ತು. ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನು ಏನೂ ಹೇಳುವುದಕ್ಕೆ ಮೊದಲೇ ಅವಳು ಹೇಳಿದಳು:

"ಎಡವಟ್ಟು ಮಾಡಿದ್ದು ನಾನು. ಮಾವ ಅಲ್ಲ. ಶಿಕ್ಷೆ ಕೊಡೋದಾದ್ರೆ ನನ್ನನ್ನ ಮನೇಲಿ ಕೂರಿಸಿ."

ಎದುರು ಸೀಟಿನಲ್ಲಿ ಮೇಷ್ಟ್ರು ಕೆಮ್ಮಿ, ಹಾಗೆ ಕೂರಿಸಿದರೆ ನಿಲ್ದಾಣದ ಅರ್ಧ ಜನ ಗೇಟಿನ ಹೊರಗೇ ಉಳಿಯುತ್ತಾರೆ ಎಂದರು.

ಕಟ್ಟೆಯ ತಂಗುದಾಣದಲ್ಲಿ ಗಾಳಿಗೆ ಸಿಕ್ಕಿ ನಿಂತುಹೋದ ನಾಲ್ಕಾರು ಜನರಿದ್ದರು. ಅವರ ನಡುವೆ, ಬೆಂಚಿನ ಮೇಲೆ ಒಂದು ಕಾಲು ಮಡಚಿಕೊಂಡು, ಯಾರದೋ ನಿದ್ದೆ ಹೋದ ಮಗುವಿಗೆ ತೊಡೆಯ ಆಸರೆ ಕೊಟ್ಟು, ಮಾವನವರು ಕಿತ್ತಳೆ ಸುಲಿಯುತ್ತಿದ್ದರು. ಇವರನ್ನು ಕಂಡು ಬೆರಗಾದರು.

"ಇದೇನು, ನೀವೆಲ್ಲ ಬಂದಿದೀರಿ? ಗಾಳಿ ಇಳೀತು, ಇನ್ನೇನು ಲಾಂಚು ಬಿಡ್ತಾರೆ. ಮೇಷ್ಟ್ರೂ ಬಂದಿದಾರೆ. ಕೂತ್ಕೊಳ್ಳಿ."

ಮಗ ಅವರ ಮುಂದೆ ನಿಂತು, ರೈಲಿನಲ್ಲಿ ಬರಬಹುದಿತ್ತಲ್ಲ, ಗ್ರಂಥಾಲಯದಲ್ಲಿ ಹುಡುಕಿದೆವು, ಕಚೇರಿಯಲ್ಲಿ ಕೇಳಿದೆವು ಎಂದು ತೊದಲುತ್ತ ನಡೆದದ್ದನ್ನೆಲ್ಲ ಹೇಳಿದ. ಮಾವನವರು ಕಿತ್ತಳೆಯ ತೊಳೆಯನ್ನು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕೇಳಿದರು.

"ನಾನೆಲ್ಲಿದೀನಿ ಅಂತ ಕಾರ್ಡನ್ನ ಕೇಳಿದ್ರಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನನ್ನೇ ಒಂದಿನ ಕೇಳಿದ್ರೆ ಹೇಳ್ತಿದ್ನಲ್ಲೋ. ಬುಧವಾರ ನಾನು ಇಲ್ಲೇ ಇರ್ತೀನಿ. ಎಂಜಿನ್ನಿನವನ ಮನೇಲಿ."

ಎಂಜಿನ್ನಿನವನೆಂದರೆ ಅವರ ಲಾಂಚಿನಲ್ಲಿ ಕೆಳಗೆ ಯಂತ್ರ ನೋಡಿಕೊಳ್ಳುತ್ತಿದ್ದ ಹಳೆಯ ಜೊತೆಗಾರ. ಮಂಡಿ ಸೋತು, ಕಟ್ಟೆಯ ಮೇಲಿನ ಮನೆಯ ಜಗುಲಿ ಬಿಟ್ಟು ಇಳಿಯಲಾರ. ಬುಧವಾರ ಇವರು ಹೋಗುತ್ತಾರೆ. ಇಬ್ಬರೂ ಜಗುಲಿಯಲ್ಲಿ ಕುಳಿತು ಬರುವ ಹೋಗುವ ಲಾಂಚುಗಳನ್ನು ನೋಡುತ್ತ, ಈಗಿನವರಿಗೆ ಕಟ್ಟೆಗೆ ನಿಲ್ಲಿಸಲು ಬರುವುದಿಲ್ಲ ಎಂದು ಮನಸಾರೆ ಬೈಯುತ್ತಾರೆ. ಸೋಮವಾರ ಇನ್ನೊಬ್ಬರ ಮನೆ, ಶುಕ್ರವಾರ ಲಾಂಚು ರಿಪೇರಿಯ ಅಂಗಳ. 'ಹೀಗೇ ಒಂದು ಸುತ್ತು' ಎಂಬ ಮಾತಿನೊಳಗೆ ಇಷ್ಟೆಲ್ಲ ಇತ್ತು. ಸೊಸೆ ತೋಳು ಹೊಲಿದಿದ್ದಳು, ಮಗ ಬೈದಿದ್ದ; ಸುತ್ತು ಎಲ್ಲೆಲ್ಲಿ ಎಂದು ಕೂತು ಕೇಳಿದವರು ಯಾರೂ ಇಲ್ಲ. ಜೇಬಿನಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗ ಬೆಂಚಿನ ತುದಿಯಲ್ಲಿ ಕುಳಿತ. ಅಪ್ಪ ಚಾಚಿದ ಕಿತ್ತಳೆಯ ತೊಳೆಯನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ.

ಮಾವನವರಿಗೆ ಮಾತ್ರ ಕಾರ್ಡಿನ ಸಂಗತಿ ನೆನೆನೆನೆದು ನಗು. "ಹಾಗಾದ್ರೆ ಇಷ್ಟು ದಿನ ಮೇಷ್ಟ್ರು ಅಂತ ನಾನು ಲಾಂಚಲ್ಲಿ ತಿರುಗ್ದೆ, ಲಾಂಚಿನವನು ಅಂತ ಮೇಷ್ಟ್ರು ಪುಸ್ತಕ ಓದಿದ್ರು. ನನ್ನ ಬಗ್ಗೆ ಕಚೇರಿಯವ್ರು ಏನಂದ್ಕೊಂಡಿರ್ಬೇಕು, ವಯಸ್ಸಾದ್ಮೇಲೆ ಬುದ್ಧಿ ಬಂತು ಅಂತ."

"ನನ್ನ ಬಗ್ಗೆ ವಯಸ್ಸಾದ ಮೇಲೆ ಕೆಟ್ಟುಹೋದ ಅಂದ್ಕೊಂಡಿರ್ತಾರೆ," ಎಂದರು ಮೇಷ್ಟ್ರು.

ಮಗುವಿನ ತಾಯಿ ಬಂದು ಮಗುವನ್ನು ಎತ್ತಿಕೊಂಡಳು. ಲಾಂಚಿನ ಸಿಳ್ಳು ಕೇಳಿತು. ಹೊಸ ಹಸಿರು ಬಣ್ಣದ್ದೇ ಬಂದಿತ್ತು. ಹೊಳೆ ಇನ್ನೂ ಸ್ವಲ್ಪ ತುಳುಕುತ್ತಿತ್ತು. ಜೇಬಿನಕ್ಕ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದು ನಿಂತಳು. ಎರಡೂ ದಡದ ದೀಪಗಳು ನೀರಿಗೆ ಇಳಿದಿದ್ದವು. ಅವಳು ತನ್ನ ನಿಲ್ದಾಣವನ್ನು ಹೊಳೆಯ ಮೇಲಿನಿಂದ ಇಡಿಯಾಗಿ ನೋಡಿದ್ದು ಅಂದೇ. ಇಷ್ಟು ದೊಡ್ಡದೇ ಎಂದುಕೊಂಡಳು.

ಮರುದಿನ ಅವಳು ಎರಡು ಕೋಟುಗಳನ್ನೂ ತರಿಸಿಕೊಂಡಳು, ಒಂದನ್ನು ಪೂರ್ತಿ ಮುಗಿಸಿದ ಮೇಲೆ ಇನ್ನೊಂದನ್ನು ಮುಟ್ಟಿದಳು. ಕಾರ್ಡುಗಳು ಮೊದಲಿನಂತೆಯೇ ಇರಲಿ, ಅಭ್ಯಾಸವಾಗಿದೆ ಎಂದು ಮಾವನವರು ತಮಾಷೆಗೆ ಹಟ ಹಿಡಿದರು, ಅವಳು ಒಪ್ಪಲಿಲ್ಲ. ಮಾವನ ಜೇಬಿಗೆ ಹಸಿರು ದಾರ, ಮೇಷ್ಟ್ರ ಜೇಬಿಗೆ ಕೆಂಪು ದಾರ. ಅಂದಿನಿಂದ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಬಣ್ಣ. ಹೂವಿನವಳು ಹಳದಿ ಆರಿಸಿಕೊಂಡಳು, ಚೆಲ್ಲೋದವನು ಕಪ್ಪು. ಬಲ ಎಡದ ಹಳೆಯ ಕ್ರಮವನ್ನು ಅವಳು ಬಿಡಲಿಲ್ಲ, ನಂಬುವುದನ್ನು ಮಾತ್ರ ಬಿಟ್ಟಳು.

ಕಿಟಕಿಯ ಹತ್ತಿರದ ಕುರ್ಚಿ ಈಗ ಒಗೆದ ಬಟ್ಟೆ ಹಾಕಲು ಬಳಕೆಯಾಗುತ್ತಿದೆ. ಮಾವನವರು ಹೊರಡುವಾಗ ಮಗ, ಇವತ್ತು ಯಾರ ಮನೆ ಎಂದು ಕೇಳುತ್ತಾನೆ. ಕೇಳಿದರೆ ಅವರು ಹೇಳುತ್ತಾರೆ, ಕೆಲವೊಮ್ಮೆ ಕೇಳಿದ್ದಕ್ಕಿಂತ ಹೆಚ್ಚೇ ಹೇಳಿ ಅವನಿಗೆ ಬೇಕರಿಗೆ ತಡಮಾಡಿಸುತ್ತಾರೆ. ಬುಧವಾರ ಬೇಕರಿಯ ಪೊಟ್ಟಣವೊಂದು ಎಂಜಿನ್ನಿನವನಿಗೆಂದು ಕೋಟಿನ ಪಕ್ಕ ಇರುತ್ತದೆ. ಮೇಷ್ಟ್ರೂ ಆಗಾಗ ಆ ಜಗುಲಿಗೆ ಹೋಗುವುದುಂಟು. ಲಾಂಚು ನಿಲ್ಲಿಸುವುದರಲ್ಲಿ ತಪ್ಪು ಹುಡುಕಲು ಅವರಿಗೂ ಸ್ವಲ್ಪ ಬರತೊಡಗಿದೆ.

ಜೇಬಿನಕ್ಕನಿಗೂ ಈಗ ಕಾರ್ಡು ಇದೆ. ಭಾನುವಾರ ಅಂಗಡಿಗೆ ಬೀಗ ಹಾಕಿ, ಮಾವನ ಜೊತೆ ಲಾಂಚಿನಲ್ಲಿ ಒಂದು ಸುತ್ತು ಹೋಗಿಬರುತ್ತಾಳೆ. ಆದರೆ ತನ್ನ ಕಾರ್ಡನ್ನು ಹೊಲಿದುಕೊಳ್ಳಲು ಅವಳಿಗೆ ಇನ್ನೂ ಬಿಡುವಾಗಿಲ್ಲ. ಅದು ಕೈಚೀಲದಲ್ಲಿ ದಾರದ ಉಂಡೆ, ಟೇಪು, ಗುಂಡಿಗಳ ನಡುವೆ ಎಲ್ಲೋ ಇರುತ್ತದೆ. ಗೇಟಿನ ಮುಂದೆ ನಿಂತು ಅವಳು ಚೀಲ ತಡಕುತ್ತಾಳೆ, ಬೆನ್ನ ಹಿಂದೆ ಜನ ಲೊಚಗುಟ್ಟುತ್ತಾರೆ. ಬರಿಗೈ ಬೀಸಿ ಆಗಲೇ ಒಳಗೆ ಹೋಗಿರುವ ಮಾವನವರು ಕಂಬಿಯ ಆಚೆ ನಿಂತು, ನಿಲ್ದಾಣದವರಿಗೆಲ್ಲ ಕೇಳುವಂತೆ ಹೇಳುತ್ತಾರೆ:

"ನಿಧಾನವಾಗಿ ಹುಡುಕು ಮಗಳೇ. ಇನ್ನೊಂದು ಲಾಂಚಿದೆ."